ನೆಲಮಾಳಿಗೆಯಿಂದ ಮೇಲೆ ಬಂದ ಮಾಮ

"ದಾರಿ ಬಿಡಿ, ದಾರಿ ಬಿಡಿ! ಹಾಸಿಗೆ ಬರ್ತಾ ಇದೆ!"

ಕೂಗಿದ್ದು ಹಾಸಿಗೆಯಲ್ಲ, ಅದರ ಕೆಳಗಿದ್ದ ಮಾಮ. ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬರುತ್ತಿದ್ದ ಅವನ ತಲೆಯ ಮೇಲೆ ನೀರಿಗೆ ಬಿದ್ದು ಒದ್ದೆಯಾದ ಹಾಸಿಗೆ ಮಡಚಿ ಕೂತಿತ್ತು. ಅದರ ಎರಡೂ ತುದಿಯಿಂದ ನೀರು ಸೋರುತ್ತಿತ್ತು. ಮಾಮನ ಮೂಗಿನ ತುದಿಯಿಂದಲೂ ಸೋರುತ್ತಿತ್ತು. ಕಾಲಲ್ಲಿ ಒಂದೇ ಚಪ್ಪಲಿ.

"ಇನ್ನೊಂದು ಎಲ್ಲೋ?" ಅಜ್ಜಿ ಕೇಳಿದಳು.

"ಈಜ್ತಾ ಇದೆ ಅಮ್ಮ."

ಗುಂಡುಸೂಜಿ ಬಗ್ಗಿ ನೋಡಿದಳು. ನಿಜವಾಗಿಯೂ ಈಜುತ್ತಿತ್ತು. ನೆಲಮಾಳಿಗೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮಾಮನ ಚಪ್ಪಲಿ ಮಂಚದ ಕಾಲಿಗೆ ಆರಾಮಾಗಿ ಸುತ್ತು ಹಾಕುತ್ತಿತ್ತು.

ಗುಂಡುಸೂಜಿ ಎಂದರೆ ಈ ಮನೆಯ ಒಬ್ಬಳೇ ಮಗಳು. ಐದನೇ ಕ್ಲಾಸು. ಸಣ್ಣಗೆ, ನೆಟ್ಟಗೆ ಇದ್ದಳು. ಸಿಕ್ಕಿದ್ದನ್ನೆಲ್ಲ ಚುಚ್ಚಿ ನೋಡುತ್ತಿದ್ದಳು. ಹಾಗಾಗಿ ಅಪ್ಪ ಇಟ್ಟ ಹೆಸರು ಅದು. ಶಾಲೆಯ ಹೆಸರು ಬೇರೆ ಇತ್ತು. ಅದನ್ನು ಹಾಜರಿ ಕರೆಯುವ ಟೀಚರ್ ಬಿಟ್ಟು ಯಾರೂ ಬಳಸುತ್ತಿರಲಿಲ್ಲ.

ಮಾಮ ಎಂದರೆ ಅಮ್ಮನ ತಮ್ಮ. ರೇಡಿಯೋದಲ್ಲಿ ಹವಾಮಾನ ವರದಿ ಓದುತ್ತಿದ್ದ. ರೇಡಿಯೋ ಸ್ಟೇಷನ್ ಮುಚ್ಚಿತು. ಹವಾಮಾನ ಮಾತ್ರ ಮುಂದುವರಿಯಿತು. ಇನ್ನೊಂದು ಕೆಲಸ ಸಿಗುವವರೆಗೆ ಎಂದು ಅಕ್ಕನ ಮನೆಗೆ ಬಂದ. ಮನೆ ಹಳೆಯದು, ರೂಮುಗಳು ಕಡಿಮೆ. ಹಾಗಾಗಿ ನೆಲಮಾಳಿಗೆಯ ಹಳೇ ಸಾಮಾನು ತೆಗೆದು, ಹೊಸ ಪ್ಲಾಸ್ಟಿಕ್ ಹಾಸು ಹಾಸಿ, ಒಂದು ಮಂಚ ಹಾಕಿ ಕೊಟ್ಟಿದ್ದರು.

"ಈಗ ಇವನನ್ನ ಎಲ್ಲಿ ಮಲಗಿಸೋದು?" ಅಮ್ಮ ಸುತ್ತ ನೋಡಿದಳು.

ಹಾಲ್‌ನಲ್ಲಿ ಅಮ್ಮನ ಹಳೆಯ ದಂತವೈದ್ಯದ ಕುರ್ಚಿ ಇತ್ತು. ಕ್ಲಿನಿಕ್‌ಗೆ ಹೊಸದು ಬಂದ ಮೇಲೆ ಇದು ಮನೆಗೆ ಬಂದು ಕಾಲು ಚಾಚಿಕೊಂಡಿತ್ತು. ಅಜ್ಜಿಯ ರೂಮಿನಲ್ಲಿ ಅಜ್ಜಿ ಇದ್ದಳು, ಅದೇ ಸಾಕಷ್ಟಾಯಿತು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ಇಲ್ಲ," ಎಂದಳು ಗುಂಡುಸೂಜಿ. "ಇಲ್ಲ, ಇಲ್ಲ, ಇಲ್ಲ."

ಸಂಜೆಯ ಹೊತ್ತಿಗೆ ಅವಳ ರೂಮಿನ ಮಧ್ಯೆ ಒಂದು ಹಗ್ಗ, ಹಗ್ಗದ ಮೇಲೆ ಒಂದು ಬೆಡ್‌ಶೀಟು, ಬೆಡ್‌ಶೀಟಿನ ಆಚೆ ಮಾಮ.

ಮಾಮನ ಗೊರಕೆ ಲಾರಿ ಘಾಟಿ ಹತ್ತಿದ ಹಾಗೆ. ಗೇರ್ ಬದಲಾಯಿಸುವುದೂ ಕೇಳುತ್ತಿತ್ತು. ಅದು ಹೋಗಲಿ. ಬೆಳಿಗ್ಗೆ ಎದ್ದ ಕೂಡಲೇ ಗಂಟಲು ಸರಿಮಾಡಿಕೊಂಡು ಅವನ ರೇಡಿಯೋ ದನಿ ಶುರು: "ಶುಭೋದಯ. ಇಂದು ಆಕಾಶ ಭಾಗಶಃ ಮೋಡದಿಂದ ಕೂಡಿರುತ್ತದೆ. ಕೋಣೆಯ ಈಶಾನ್ಯ ಭಾಗದಲ್ಲಿ ಒಬ್ಬ ಹುಡುಗಿ ಇನ್ನೂ ಮಲಗಿರುತ್ತಾಳೆ. ತುಂತುರು ನೀರು ಬೀಳುವ ಸಾಧ್ಯತೆ ಇದೆ."

ತುಂತುರು ನೀರು ಬೀಳುತ್ತಿತ್ತು. ಮಾಮನ ಲೋಟದಿಂದ.

"ಅಮ್ಮಾ! ಇವನನ್ನ ಕೆಳಗೆ ಕಳಿಸು!"

"ಕೆಳಗೆ ನೀರಿದೆ ಕಣೇ. ಮೀನಾ ಅವನು?"

ಆ ದಿನ ಊಟದ ಹೊತ್ತಿಗೆ ಇನ್ನೊಂದು ಕೆಟ್ಟ ಸುದ್ದಿ ಕಾದಿತ್ತು. ಅಮ್ಮ ಬಡಗಿಗೆ ಹೇಳಿಬಿಟ್ಟಿದ್ದಳು. ಭಾನುವಾರದ ನಂತರ ಅವನು ಬಂದು ರೂಮಿಗೆ ಅಡ್ಡಲಾಗಿ ಮರದ ಗೋಡೆ ಹಾಕುತ್ತಾನೆ. ಕಿಟಕಿ ಮಾಮನ ಪಾಲಿಗೆ, ಬಾಗಿಲು ಗುಂಡುಸೂಜಿಯ ಪಾಲಿಗೆ.

"ನನ್ನ ಕಿಟಕಿ!" ಗುಂಡುಸೂಜಿ ತುತ್ತನ್ನು ತಟ್ಟೆಗೆ ಹಾಕಿದಳು.

"ನೆಲಮಾಳಿಗೆ ಒಣಗಿದ್ರೆ ಗೋಡೆ ಯಾಕೆ ಹಾಕಿಸ್ಲಿ? ಒಣಗಲ್ವಲ್ಲ," ಎಂದಳು ಅಮ್ಮ.

"ಅದು ಒಣಗಲ್ಲ," ಎಂದ ಅಪ್ಪ. "ಮನೆ ಕೆಳಗೆ ಒಂದು ಬುಗ್ಗೆ ಇದೆ. ನನಗೆ ಗ್ಯಾರಂಟಿ." ಅಪ್ಪ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ. ಪ್ರಪಂಚದ ಎಲ್ಲರ ತಪ್ಪನ್ನೂ ಹುಡುಕುವುದೇ ಕೆಲಸವಾದ್ದರಿಂದ ತನ್ನದನ್ನು ಹುಡುಕಲು ಸಮಯ ಸಿಗುತ್ತಿರಲಿಲ್ಲ.

"ಬುಗ್ಗೆಯೂ ಇಲ್ಲ, ಬೆಂಡೂ ಇಲ್ಲ," ಎಂದಳು ಅಜ್ಜಿ. "ಪಕ್ಕದ ಮನೆ ಕೋಚ್ ಇದಾನಲ್ಲ, ದಿನಕ್ಕೆ ಮೂರು ಸಲ ಸ್ನಾನ ಮಾಡ್ತಾನೆ. ಆ ನೀರೇ ಇದು. ಸೋಪಿನ ವಾಸನೆ ಬರ್ತಿತ್ತು."

"ಅದು ನನ್ನ ಸೋಪು ಅಮ್ಮ," ಎಂದ ಮಾಮ. "ನೀರಲ್ಲಿ ಬಿದ್ದು ಕರಗಿತು."

ಅಜ್ಜಿಗೆ ಯಾರ ಸೋಪಾದರೇನು. ಮರುದಿನ ಬೆಳಿಗ್ಗೆಯೇ ಕಾಂಪೌಂಡಿನ ಮೇಲಿಂದ ಫುಟ್‌ಬಾಲ್ ಕೋಚ್‌ನನ್ನು ತರಾಟೆಗೆ ತೆಗೆದುಕೊಂಡಳು. ಕೋಚ್ ಪೀಪಿಯನ್ನು ಬಾಯಲ್ಲಿ ಇಟ್ಟುಕೊಂಡೇ ಕೇಳಿಸಿಕೊಂಡ. ನಡುನಡುವೆ ಅದು ಪಿಂಯ್ ಪಿಂಯ್ ಎನ್ನುತ್ತಿತ್ತು.

"ಜಗಳ ಯಾಕೆ?" ಗುಂಡುಸೂಜಿ ನಡುವೆ ನುಗ್ಗಿದಳು. "ಟೆಸ್ಟ್ ಮಾಡೋಣ. ಅಂಕಲ್, ನಿಮ್ಮ ಬಾತ್‌ರೂಮಲ್ಲಿ ಬಣ್ಣ ಸುರೀತೀನಿ. ನಮ್ಮ ಮನೇಲಿ ಬಣ್ಣದ ನೀರು ಬಂದ್ರೆ ನಿಮ್ದು. ಬರದಿದ್ರೆ ಅಲ್ಲ."

"ಆಟ ಶುರುವಾಗ್ಲಿ!" ಕೋಚ್‌ಗೆ ಖುಷಿಯಾಯಿತು.

ಅವಳು ಇಡೀ ಬಾಟಲಿ ನೀಲಿ ಬಣ್ಣ ಸುರಿದಳು. ಕೋಚ್ ನಲ್ಲಿ ತಿರುಗಿಸಿ ನಿಂತ. ಅಜ್ಜಿ ಈ ಕಡೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಟಾರ್ಚ್ ಹಿಡಿದು ಕಾದಳು. ನೀಲಿ ಬರಲಿಲ್ಲ. ಒಂದು ತೊಟ್ಟೂ ಬರಲಿಲ್ಲ. ಆದರೆ ಕೋಚ್‌ನ ಬಾತ್‌ರೂಮಿನ ಪೈಪು ಅರ್ಧ ಕಟ್ಟಿಕೊಂಡಿತ್ತು. ನೀಲಿ ನೀರು ಅಲ್ಲೇ ನಿಂತಿತು, ಅದರಲ್ಲಿ ಕೋಚೂ ನಿಂತಿದ್ದ. ಅವನ ಪಾದಗಳು ವಾರವಿಡೀ ನೀಲಿಯಾಗಿದ್ದವು. ಅವನ ಟೀಮಿನ ಹುಡುಗರು ಅದನ್ನು ಹೊಸ ಸಾಕ್ಸ್ ಎಂದುಕೊಂಡರಂತೆ.

"ಛೆ, ಅವನದಲ್ವಾ?" ಅಜ್ಜಿಗೆ ತುಂಬ ನಿರಾಸೆಯಾಯಿತು.

ಇನ್ನು ಉಳಿದದ್ದು ಅಪ್ಪನ ಬುಗ್ಗೆ. ಗುಂಡುಸೂಜಿ ನೆಲಮಾಳಿಗೆಯ ನೀರನ್ನೆಲ್ಲ ಬಕೆಟ್‌ನಲ್ಲಿ ಎತ್ತಿ ಹೊರಗೆ ಚೆಲ್ಲಿದಳು. ಮಾಮ ಜೊತೆಗೆ ಬಂದು ಸಹಾಯ ಮಾಡಿದ. ಸಹಾಯ ಎಂದರೆ, ಮೆಟ್ಟಿಲ ಮೇಲೆ ಕೂತು ವರದಿ ಓದಿದ: "ನೆಲಮಾಳಿಗೆಯ ಜಲಾಶಯದಲ್ಲಿ ನೀರಿನ ಮಟ್ಟ ಇಳಿಮುಖವಾಗಿದೆ."

ಮೂರು ದಿನ ಬಿಸಿಲು. ಅವಳು ಶಾಲೆಯಿಂದ ಬಂದ ಕೂಡಲೇ ಬ್ಯಾಗು ಎಸೆದು ಕೆಳಗೆ ಓಡುತ್ತಿದ್ದಳು. ನೀರಿಲ್ಲ. ನಾಲ್ಕನೇ ದಿನ ಮಳೆ. ಮಳೆ ಶುರುವಾದ ಸ್ವಲ್ಪ ಹೊತ್ತಿಗೇ ನೀರು ಹಾಜರ್.

"ಅಪ್ಪಾ, ಬುಗ್ಗೆ ಇದ್ರೆ ಬಿಸಿಲಲ್ಲೂ ನೀರು ಬರ್ಬೇಕಲ್ವಾ? ಮಳೆ ಬಂದಿದ್ದು ಬುಗ್ಗೆಗೆ ಇಷ್ಟು ಬೇಗ ಯಾರು ಹೇಳಿದ್ರು? ಮಾಮನಾ?"

ಅಪ್ಪ ತಲೆ ಕೆರೆದುಕೊಂಡ. "ಬಹುಶಃ... ಅಂತ ಸೇರಿಸ್ಕೋ. ಬಹುಶಃ ಬುಗ್ಗೆ ಇದೆ."

ಅಮ್ಮ ಮಾತ್ರ ಏನೂ ಊಹೆ ಮಾಡಿರಲಿಲ್ಲ. ಅವಳು ಕ್ಲಿನಿಕ್‌ನಿಂದ ಬಂದು, ಹಳೇ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ್ದಳು. "ನನ್ನ ಹತ್ರ ಬರೋರು ಕೆಳಗಿನ ಹಲ್ಲು ತೋರಿಸಿ ನೋವು ಅಂತಾರೆ," ಎಂದಳು. "ನೋಡಿದ್ರೆ ತೂತು ಮೇಲಿನ ಹಲ್ಲಲ್ಲಿ ಇರುತ್ತೆ. ನೀನು ಕೆಳಗೇ ಯಾಕೆ ಹುಡುಕ್ತಿದೀಯ?"

ಗುಂಡುಸೂಜಿ ಅಮ್ಮನ ಮುಖ ನೋಡಿದಳು. ಮತ್ತೆ ಸೂರು ನೋಡಿದಳು. ಆಮೇಲೆ ಅಪ್ಪನ ರೈನ್‌ಕೋಟು ಎಳೆದುಕೊಂಡು, ಅದರ ತುದಿಯನ್ನು ನೆಲದ ಮೇಲೆ ಗುಡಿಸುತ್ತಾ ಹೊರಗೆ ಓಡಿದಳು.

ಮಳೆಯಲ್ಲಿ ಯಾರೂ ತಮ್ಮ ಮನೆಗೆ ಸುತ್ತು ಹಾಕುವುದಿಲ್ಲ. ಎಲ್ಲರೂ ಒಳಗಿರುತ್ತಾರೆ. ಅದಕ್ಕೇ ಯಾರೂ ಇದನ್ನು ನೋಡಿರಲಿಲ್ಲ. ಅಷ್ಟು ದೊಡ್ಡ ಸೂರಿನ ಮೇಲೆ ಬಿದ್ದ ನೀರೆಲ್ಲ ಹಿಂಬದಿಯ ಒಂದೇ ಪೈಪಿನಲ್ಲಿ ಇಳಿದು ಬರುತ್ತಿತ್ತು. ಪೈಪಿನ ಬುಡದಲ್ಲಿ ಹೊರಕ್ಕೆ ತಿರುಗಿದ ಒಂದು ಮೊಣಕೈ, ಅಂದರೆ ಬಾಗಿದ ಪೈಪಿನ ತುಂಡು, ಇರಬೇಕಿತ್ತು. ಅದು ಯಾವಾಗಲೋ ಮುರಿದು ಹೋಗಿತ್ತು. ನೀರು ನೇರವಾಗಿ ಗೋಡೆಯ ಬುಡಕ್ಕೇ ದಬದಬ ಬೀಳುತ್ತಿತ್ತು. ಅಲ್ಲಿ ಮಣ್ಣು ಕುಸಿದು ಬೋಗುಣಿಯಂತೆ ತಗ್ಗಾಗಿತ್ತು. ಬೋಗುಣಿಯಲ್ಲಿ ನೀರು ಸುತ್ತುತ್ತಿತ್ತು, ತುಂಬುತ್ತಿತ್ತು. ಆದರೆ ಹೊರಚೆಲ್ಲುತ್ತಿರಲಿಲ್ಲ. ಗೋಡೆ ಅದನ್ನು ಗಟಗಟ ಕುಡಿಯುತ್ತಿತ್ತು.

ನೀರು ಬೇರೆ ಕಡೆ ಹರಿದು ಹೋಗಲು ದಾರಿಯೇ ಇರಲಿಲ್ಲವೇ? ಇತ್ತು. ಅವಳು ಕೋಲಿನಿಂದ ಚುಚ್ಚಿದಾಗ ಟಣ್ ಎಂದಿತು. ಮಣ್ಣಿನ ಕೆಳಗೆ ಕಲ್ಲಿನ ಪುಟ್ಟ ಕಾಲುವೆ. ಪೈಪಿನ ಬುಡದಿಂದ ಹಿಂದಿನ ರಸ್ತೆಯ ಮೋರಿಯ ಕಡೆಗೆ ಇಳಿಜಾರಾಗಿ ಹೋಗಿತ್ತು. ಅದರ ಮೇಲೆ ಸಾಲಾಗಿ, ಠೀವಿಯಿಂದ, ಅಜ್ಜಿಯ ಹೂಕುಂಡಗಳು ನಿಂತಿದ್ದವು.

ಮರುದಿನ ಬಿಸಿಲಿತ್ತು. ಗುಂಡುಸೂಜಿ ಎಲ್ಲರನ್ನೂ ನೆಲಮಾಳಿಗೆಗೆ ಇಳಿಸಿದಳು. "ನಾನು ಮೇಲೆ ಪೈಪಿನ ಬುಡಕ್ಕೆ ಕೆಂಪು ನೀರು ಸುರೀತೀನಿ. ನೀವು ನೋಡ್ತಾ ಇರಿ." ಬಕೆಟ್ ಮೇಲೆ ಬಕೆಟ್ ಸುರಿದು ಅವಳು ಏದುಸಿರು ಬಿಡುತ್ತಾ ಕೆಳಗೆ ಓಡಿ ಬಂದಳು.

"ಏನೂ ಇಲ್ಲ," ಎಂದ ಅಪ್ಪ ಎಡಗಡೆ ಗೋಡೆಗೆ ಟಾರ್ಚ್ ಬಿಟ್ಟು.

"ಎಲ್ಲಿದೆ ನಿನ್ನ ಕೆಂಪು?" ಎಂದಳು ಅಜ್ಜಿ.

"ಅಲ್ಲಲ್ಲ ಭಾವ," ಮಾಮ ಬಾಯಿ ಹಾಕಿದ. "ಬಲಗಡೆ ಮೂಲೆ. ಮೂರನೇ ಇಟ್ಟಿಗೆ ಹತ್ರ ಮೊದಲು ಟಪ್ ಟಪ್ ಅನ್ನುತ್ತೆ. ಆಮೇಲೆ ಸರಸರ ಅಂತ ಬರುತ್ತೆ."

ಟಪ್ ಟಪ್ ಎಂದಿತು. ಬಲಗಡೆ ಮೂಲೆ, ಮೂರನೇ ಇಟ್ಟಿಗೆ. ಕೆಂಪು ನೀರು ಸರಸರ ಎಂದು ಗೋಡೆಯಿಂದಿಳಿದು ನೆಲದ ಮೇಲೆ ಹರಡಿತು.

"ಕೊಲೆ ಆದ ಹಾಗಿದೆ!" ಅಪ್ಪ ಖುಷಿಯಿಂದ ಕುಣಿದ. ತನ್ನ ಬುಗ್ಗೆಯನ್ನು ಆ ಕ್ಷಣವೇ ಕೈಬಿಟ್ಟ. ಅಮ್ಮ ಚಪ್ಪಾಳೆ ತಟ್ಟಿದಳು. ಹೂಕುಂಡಗಳ ವಿಷಯ ಕೇಳಿದ ಅಜ್ಜಿ, "ಗಿಡಗಳೇ ಅಲ್ಲಿ ಕೂತ್ಕೊಂಡ್ವು, ನಾನೇನು ಮಾಡ್ಲಿ?" ಎಂದಳು.

ಗುಂಡುಸೂಜಿ ಮಾತ್ರ ಮಾಮನನ್ನೇ ನೋಡುತ್ತಿದ್ದಳು. ಎಲ್ಲರೂ ಮೇಲೆ ಹೋದ ಮೇಲೆ ಅವನ ತೋಳು ಹಿಡಿದು ನಿಲ್ಲಿಸಿದಳು.

"ನಿನಗೆ ಮೊದಲೇ ಗೊತ್ತಿತ್ತು."

"ಏನು?"

"ಮೂರನೇ ಇಟ್ಟಿಗೆ. ನಾನು ಕೋಚ್ ಅಂಕಲ್ ಕಾಲು ನೀಲಿ ಮಾಡ್ದೆ. ಬಕೆಟ್ ಎತ್ತಿ ಎತ್ತಿ ನನ್ನ ಕೈ ಬಿದ್ದು ಹೋಯ್ತು. ನೀನು ಬಾಯಿ ಮುಚ್ಕೊಂಡು ವರದಿ ಓದ್ತಾ ಕೂತಿದ್ದೆ!"

"ಬಾಯಿ ಮುಚ್ಕೊಂಡು ವರದಿ ಓದೋಕೆ ಆಗಲ್ಲ," ಎಂದ ಮಾಮ.

ಅವಳಿಗೆ ನಗು ಬರಲಿಲ್ಲ. ಮಾಮ ಕೆಂಪು ನೀರನ್ನು ನೋಡುತ್ತಾ ನಿಂತ.

"ನೀರು ಎಲ್ಲಿಂದ ಬರುತ್ತೆ ಅಂತ ಗೊತ್ತಿರಲಿಲ್ಲ ಕಣೇ. ಎಲ್ಲಿಗೆ ಬರುತ್ತೆ ಅಂತ ಗೊತ್ತಿತ್ತು. ಮೊದಮೊದಲು ಒಂದೊಂದೇ ತೊಟ್ಟು. ಇಲ್ಲಿ ಮಾತಾಡೋರು ಯಾರೂ ಇರಲ್ವಲ್ಲ. ಎಲ್ಲ ಚೆನ್ನಾಗಿ ಕೇಳಿಸುತ್ತೆ."

"ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು," ಎಂದ ಮಾಮ. ಇದು ರೇಡಿಯೋ ದನಿಯಾಗಿರಲಿಲ್ಲ. ಅವನು ಮೆಟ್ಟಿಲು ಹತ್ತಿ ಹೋದ.

ಎಂಥ ಉತ್ತರ ಇದು! ಗುಂಡುಸೂಜಿ ಮುಖ ಊದಿಸಿಕೊಂಡಳು. ಆದರೆ ಸಿಟ್ಟು ಮಾಡಿಕೊಂಡು ಕೂರಲು ಪುರುಸೊತ್ತು ಇರಲಿಲ್ಲ. ಭಾನುವಾರ ಬಂದುಬಿಟ್ಟಿತ್ತು.

ಅಪ್ಪ ಹೊಸ ಮೊಣಕೈ ತಂದು ಪೈಪಿಗೆ ಸಿಕ್ಕಿಸಿದ. ಮೊದಲ ಸಲ ಅದು ಗೋಡೆಯ ಕಡೆಗೇ ತಿರುಗಿತ್ತು. ಗುಂಡುಸೂಜಿ ಕರಡು ತಿದ್ದಿದಳು. ಅಜ್ಜಿಯ ಕುಂಡಗಳನ್ನು ಒಂದೊಂದಾಗಿ ಎತ್ತಿದರು. ಪ್ರತಿ ಕುಂಡಕ್ಕೂ ಅಜ್ಜಿ "ಮೆಲ್ಲಗೆ, ಅದು ನಾಚಿಕೆ ಸ್ವಭಾವದ್ದು," "ಹುಷಾರು, ಇದಕ್ಕೆ ಸಿಟ್ಟು ಜಾಸ್ತಿ," ಎಂದು ಪರಿಚಯ ಮಾಡಿಕೊಟ್ಟಳು. ಕೋಚ್ ನೀಲಿ ಪಾದಗಳೊಂದಿಗೆ ಬಂದು ಗುದ್ದಲಿ ಹಿಡಿದ. ಕಾಲುವೆಯ ಮಣ್ಣು ತೆಗೆದು, ಗೋಡೆಯ ಬುಡದ ತಗ್ಗಿಗೆ ತುಂಬಿ, ತುಳಿದು ಗಟ್ಟಿ ಮಾಡಿದರು. ನೀರು ಗೋಡೆಯಿಂದ ದೂರ ಓಡಬೇಕು, ಹಾಗೆ ಇಳಿಜಾರು ಮಾಡಿದರು. ಇಳಿಜಾರು ಸರಿಯಾಗಿದೆಯೇ ಎಂದು ಗುಂಡುಸೂಜಿ ಒಂದು ಗೋಲಿ ಬಿಟ್ಟು ನೋಡಿದಳು. ಗೋಲಿ ಉರುಳಿ ಉರುಳಿ ಮೋರಿ ಸೇರಿ ಮಾಯವಾಯಿತು. ಚೆನ್ನಾಗಿತ್ತು ಆ ಗೋಲಿ. ಆದರೆ ಇಳಿಜಾರೂ ಚೆನ್ನಾಗಿತ್ತು.

ಕೆಳಗೆ ಇನ್ನೊಂದು ತಮಾಷೆ ಕಾದಿತ್ತು. ಒದ್ದೆ ಪ್ಲಾಸ್ಟಿಕ್ ಹಾಸನ್ನು ಸುರುಳಿ ಸುತ್ತುವಾಗ ನೆಲದಲ್ಲಿ ಕಬ್ಬಿಣದ ಒಂದು ಗುಂಡು ಜಾಲರಿ ಕಾಣಿಸಿತು.

"ಇದು ನೀರು ಹೋಗೋ ಬಾಯಿ!" ಎಂದಳು ಅಮ್ಮ. "ಈ ಮನೆ ಕಟ್ಟಿದೋರಿಗೆ ಗೊತ್ತಿತ್ತು, ಒಂದಲ್ಲ ಒಂದು ದಿನ ನೀರು ಬರುತ್ತೆ ಅಂತ. ಹೋಗೋಕೆ ದಾರಿ ಇಟ್ಟಿದ್ರು. ನಾವು ಅದರ ಮೇಲೆ ಹಾಸು ಹಾಸಿ ಬಾಯಿ ಮುಚ್ಚಿಸಿದೀವಿ."

ಮನೆ ಇಳಿಜಾರಿನಲ್ಲಿತ್ತು. ಹಿಂದಿನ ರಸ್ತೆಯ ಮೋರಿ ನೆಲಮಾಳಿಗೆಗಿಂತಲೂ ಕೆಳಗಿತ್ತು. ಜಾಲರಿಯಿಂದ ಪೈಪು ಅಲ್ಲಿಗೇ ಹೋಗುತ್ತಿತ್ತು. ಅಮ್ಮ ಕ್ಲಿನಿಕ್‌ನ ಹಳೇ ಕೊಕ್ಕೆ ಚಿಮಟಗಳನ್ನು ತಂದು, ನೆಲದ ಮೇಲೆ ಬೋರಲು ಮಲಗಿ, "ಬಾಯಿ ಅಗಲ ಮಾಡಿ, ನೋವಾಗಲ್ಲ," ಎಂದು ಜಾಲರಿಗೆ ಧೈರ್ಯ ಹೇಳಿದಳು. ಒಳಗಿಂದ ಕೆಸರು, ಕೂದಲು, ಗುಂಡಿಗಳು, ಬಾಚಣಿಗೆಯ ತುಂಡು, ಯಾರದೋ ಆಟಿಕೆ ಕುದುರೆಯ ತಲೆ ಎಲ್ಲ ಬಂದವು. ಕೊನೆಗೆ ಒಂದು ಮಗ್ ನೀರು ಸುರಿದಾಗ ಗುಳುಕ್ ಎಂದು ನುಂಗಿ, ದೊಡ್ಡದೊಂದು ತೇಗು ಬಿಟ್ಟಿತು.

"ಅಸಭ್ಯ," ಎಂದಳು ಅಜ್ಜಿ.

ಮಂಗಳವಾರ ಮಧ್ಯಾಹ್ನ ಮಳೆ ಬಂತು. ಸುಮ್ಮನೆ ಮಳೆಯಲ್ಲ, ಪಕ್ಕದವರ ಮಾತು ಕೇಳಿಸದಷ್ಟು ಮಳೆ. ಗುಂಡುಸೂಜಿ ಶಾಲೆಯಿಂದ ಓಡೋಡಿ ಬರುವಾಗ ಮನೆಯವರೆಲ್ಲ ನೆಲಮಾಳಿಗೆಯ ಬಾಗಿಲಲ್ಲಿ ಗುಂಪು ಕಟ್ಟಿದ್ದರು. ಅಪ್ಪ ಟಾರ್ಚ್ ಬಿಟ್ಟ. ಬಲಗಡೆ ಮೂಲೆ. ಮೂರನೇ ಇಟ್ಟಿಗೆ. ಒಂದು ತೊಟ್ಟೂ ಇರಲಿಲ್ಲ.

ಎಲ್ಲರೂ ಹೋ ಎಂದು ಕೂಗಿದರು. ಅಪ್ಪ ಅವಳನ್ನು ಎತ್ತಿಕೊಂಡು ತಿರುಗಿಸಿದ. ಅಮ್ಮ ಬಡಗಿಗೆ ಫೋನ್ ಮಾಡಿ ಬರುವುದು ಬೇಡ ಎಂದಳು. ಮಾಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಿದ್ದ. "ಹಾಗಾದ್ರೆ ನನ್ನ ಸಾಮಾನು ಕಟ್ಟಿಕೊಳ್ತೀನಿ," ಎಂದು ಮೇಲೆ ಹೋದ.

ಗೆದ್ದಿದ್ದು ತಾನು. ಹಾಗಾಗಿ ಗುಂಡುಸೂಜಿ ಒಬ್ಬಳೇ ಕೆಳಗಿಳಿದಳು, ಗೆದ್ದ ಜಾಗವನ್ನು ಇನ್ನೊಮ್ಮೆ ನೋಡಲು. ಗಾಳಿಗೆ ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು.

ಮಂಚದ ಮೇಲೆ ಕೂತಳು. ಮೇಲೆ ಅಷ್ಟು ಜೋರಾಗಿ ಸುರಿಯುತ್ತಿದ್ದ ಮಳೆ ಇಲ್ಲಿ ದೂರದಲ್ಲೆಲ್ಲೋ ಯಾರೋ ಕಾಗದ ಮುದುರಿದ ಹಾಗೆ ಕೇಳಿಸಿತು. ಅಪ್ಪ ಈಗ ಏನಾದರೂ ತಮಾಷೆ ಮಾಡುತ್ತಿರಬಹುದು, ಅಜ್ಜಿ ಬೈಯುತ್ತಿರಬಹುದು. ಇಲ್ಲಿಗೆ ಒಂದು ಅಕ್ಷರವೂ ಇಳಿಯಲಿಲ್ಲ. ಅವಳು "ಅಮ್ಮಾ," ಎಂದು ಕರೆದು ನೋಡಿದಳು. ಸ್ವಲ್ಪ ಜೋರಾಗಿ, "ಅಪ್ಪಾ!"

ಯಾರೂ ಓಗೊಡಲಿಲ್ಲ.

ನೀರಿನ ಟಪ್ ಟಪ್ ಕೂಡ ಇರಲಿಲ್ಲ. ಅದನ್ನು ತಾನೇ ನಿಲ್ಲಿಸಿದ್ದಳು.

ಗುಂಡುಸೂಜಿ ಕಾಲು ಮೇಲೆಳೆದುಕೊಂಡು ಇನ್ನೂ ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು, ಗೋಡೆಯ ಹತ್ತಿರ ಹೋಗಿ, ಅಂಗೈ ಇಟ್ಟು ನೋಡಿದಳು. ಕೆನ್ನೆ ಇಟ್ಟು ನೋಡಿದಳು. ತಣ್ಣಗಿತ್ತು.

ಅವಳು ಮೇಲೆ ಬಂದಾಗ ಮಾಮ ಬೆಡ್‌ಶೀಟನ್ನು ಹಗ್ಗದಿಂದ ಇಳಿಸಿ ಮಡಚುತ್ತಿದ್ದ. ನಾಲ್ಕು ಮಡಿಕೆ ಮಾಡಿದ. ಬಿಚ್ಚಿದ. ಮತ್ತೆ ಮಡಚಿದ. ಅಮ್ಮ ಅವನ ದಿಂಬು ಹಿಡಿದು ನಿಂತಿದ್ದಳು.

"ಇವತ್ತು ಬೇಡ," ಎಂದಳು ಗುಂಡುಸೂಜಿ.

"ಏನು ಬೇಡ?"

"ಮಾಮ ಕೆಳಗೆ ಹೋಗೋದು. ನೆಲ ಒಣಗಿದೆ ಅಷ್ಟೇ. ಗೋಡೆ ಒಳಗೆಲ್ಲ ಇನ್ನೂ ನೀರಿದೆ. ಎಷ್ಟು ಕುಡಿದಿದೆ ಅದು!"

"ಓಹೋ," ಎಂದಳು ಅಮ್ಮ. ಮಗಳ ಮುಖವನ್ನು ಒಂದು ಕ್ಷಣ ನೋಡಿದಳು. "ಒಣಗೋಕೆ ಎಷ್ಟು ದಿನ ಬೇಕು?"

"ಹಳೇ ಗೋಡೆ ಅಮ್ಮ. ದಪ್ಪ ಬೇರೆ. ನಿಧಾನ ಆಗುತ್ತೆ. ಅವಸರ ಮಾಡೋಕಾಗಲ್ಲ."

ಅಮ್ಮ ದಿಂಬನ್ನು ಇದ್ದ ಜಾಗದಲ್ಲೇ ಇಟ್ಟು ಹೊರಗೆ ಹೋದಳು.

ಮಾಮ ಬೆಡ್‌ಶೀಟು ತೊಡೆಯ ಮೇಲಿಟ್ಟುಕೊಂಡು ಕೂತ. ಅದನ್ನು ಮತ್ತೆ ಹಗ್ಗದ ಮೇಲೆ ಹಾಕಲು ಅವನೂ ಎದ್ದೇಳಲಿಲ್ಲ, ಅವಳೂ ಹೇಳಲಿಲ್ಲ. ಹೊರಗೆ ನೀರು ಕಲ್ಲಿನ ಕಾಲುವೆಯಲ್ಲಿ ಗುಳುಗುಳು ಎಂದು ರಸ್ತೆಯ ಕಡೆ ಓಡುತ್ತಿತ್ತು.

"ಮತ್ತೆ," ಎಂದ ಮಾಮ ಗಂಟಲು ಸರಿಮಾಡಿಕೊಂಡು, "ಇವತ್ತು ಸ್ಕೂಲಲ್ಲಿ ಏನಾಯ್ತು?"

ಹೇಳುವಂಥದ್ದೇನೂ ಆಗಿರಲಿಲ್ಲ. ಗುಂಡುಸೂಜಿ ಬ್ಯಾಗನ್ನು ಪಕ್ಕಕ್ಕೆ ತಳ್ಳಿ ಮಾಮನ ಹತ್ತಿರ ಕೂತಳು. ಮೊದಲನೇ ಪೀರಿಯಡ್‌ನಿಂದ ಶುರು ಮಾಡಿದಳು.